ಮೂವತ್ತೊಂದನೆಯ ದಿನ

(ಸಂಘದ ಸಂಸ್ಥಾಪನಾ ದಿನೋತ್ಸವದಲ್ಲಿ ಡಿಸ್ಕವರಿ ಗಾರ್ಡನ್ಸ್‌ನ ನಡೆಯುವ ಗೆಳೆಯರ ಪರವಾಗಿ ಮಾಡಿದ ಭಾಷಣದ ಬರಹರೂಪ)



ಮಕ್ಕಳ ನೃತ್ಯ ಮುಗಿದಿದೆ, ಪಕ್ಕದ ಕೋಣೆಯಿಂದ ಬಿಸಿಬೇಳೆಬಾತಿನ ಪರಿಮಳ ಬರುತ್ತಿದೆ. ಇಂತಹ ಹೊತ್ತಿನಲ್ಲಿ ಮಿತಾಹಾರದ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ನಮ್ಮನ್ನು ನಿಲ್ಲಿಸಿದ್ದಾರೆ. ಊಟಕ್ಕೂ ನಿಮಗೂ ಮಧ್ಯೆ ನಾವು ಅಡ್ಡ ನಿಂತಿದ್ದೇವೆ ಎಂಬ ಅರಿವು ನಮಗಿದೆ. ಆದ್ದರಿಂದ ಉಪದೇಶ ಮಾಡುವುದಿಲ್ಲ. ನಮ್ಮ ಸೋಲಿನ ಕಥೆಯನ್ನಷ್ಟೇ ಹೇಳಿ ಕೂರುತ್ತೇವೆ.

ನಾವು ಎಂದರೆ ಯಾರು? ಜೆಬೆಲ್ ಅಲಿಯ ಹತ್ತಿರ, ಇಬ್ನ್ ಬತೂತ ಮಾಲ್‌ನ ಬೆನ್ನಿಗೆ, ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿ ವಾಸವಾಗಿರುವ ಕೆಲವು ಕನ್ನಡ ಸಂಸಾರಗಳು. ಅಲ್ಲಿಗೆ ಬಂದವರಿಗೆ ಗೊತ್ತು, ಆಕಾಶ ಮುಟ್ಟುವ ಕಟ್ಟಡಗಳ ಈ ಊರಿನಲ್ಲಿ ಅದೊಂದು ತಗ್ಗು ಕಟ್ಟಡಗಳ, ಗಿಡಮರಗಳ ಓಣಿ. ಝೆನ್, ಮೆಡಿಟರೇನಿಯನ್, ಮೊಘಲ್, ಮೆಸೋಅಮೆರಿಕನ್, ಕ್ಯಾಕ್ಟಸ್, ಕಂಟೆಂಪೊರರಿ ಎಂದು ಆರು ಬಗೆಯ ತೋಟಗಳ ಹೆಸರಿನಲ್ಲಿ ಕಟ್ಟಡಗಳನ್ನು ವಿಂಗಡಿಸಿದ್ದಾರೆ. 2021ರಲ್ಲಿ ಮೆಟ್ರೋ ನಿಲ್ದಾಣವೂ ಬಂತು. ನಡೆಯುವವನಿಗೆ ಇದಕ್ಕಿಂತ ಅನುಕೂಲ ಬೇಕೆ? ಆದರೂ ನಾವು ನಡೆಯುತ್ತಿರಲಿಲ್ಲ. ಮನೆಯಿಂದ ಕಾರಿಗೆ, ಕಾರಿನಿಂದ ಕಚೇರಿಯ ಲಿಫ್ಟಿಗೆ, ಲಿಫ್ಟಿನಿಂದ ಕುರ್ಚಿಗೆ. ಇಷ್ಟೇ ನಮ್ಮ ದಿನದ ಯಾತ್ರೆ. ನಾವು ವೈದ್ಯರಲ್ಲ, ಕ್ರೀಡಾಪಟುಗಳೂ ಅಲ್ಲ. ಮೂರು ಸಾರಿ ವ್ಯಾಯಾಮ ಹಿಡಿದು ಮೂರು ಸಾರಿ ಬಿಟ್ಟವರು, ನಾಲ್ಕನೆಯ ಸಾರಿ ಹೇಗೋ ನಿಂತವರು. ನಮ್ಮ ಅರ್ಹತೆ ಇಷ್ಟೇ.

ಮೊದಲಿಗೆ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಲಗೇಜು ತೂಗುವ ಕೈತಕ್ಕಡಿ ಇದೆಯೇ? ಎಲ್ಲರ ಮನೆಯಲ್ಲೂ ಇದೆ, ನಗಬೇಡಿ! ಊರಿಗೆ ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದು, ಅರ್ಧ ಕಿಲೋ ಹೆಚ್ಚಾದರೆ ಖರ್ಜೂರದ ಡಬ್ಬಿ ತೆಗೆದು ಕೈಚೀಲಕ್ಕೆ ತುರುಕಿ, ಮತ್ತೆ ತೂಗಿ, ಬೆವರಿ, ನೆಮ್ಮದಿಯಿಂದ ಮಲಗುತ್ತೇವೆ. ಪೆಟ್ಟಿಗೆಯ ತೂಕವನ್ನು ಇಷ್ಟು ಭಯಭಕ್ತಿಯಿಂದ ನೋಡುವ ನಾವು, ಅದನ್ನು ಎತ್ತುವ ಮೈಯನ್ನು ಎಷ್ಟು ವರ್ಷದಿಂದ ತೂಗಿಲ್ಲ? ಗಲ್ಫಿಗೆ ಬಂದವನು ಒಂದು ದಿನ ಊರಿಗೆ ಮರಳಲೇಬೇಕು. ಇಲ್ಲಿ ಸಂಪಾದಿಸಿದ್ದರಲ್ಲಿ ಮನೆ, ನಿವೇಶನ, ಚಿನ್ನ ಎಲ್ಲವೂ ಮುಂಚಿತವಾಗಿಯೇ ಊರಿಗೆ ಹೋಗಿರುತ್ತವೆ. ಕೊನೆಯ ವಿಮಾನದಲ್ಲಿ ನಾವು ತೆಗೆದುಕೊಂಡು ಹೋಗುವುದು ಈ ದೇಹವೊಂದನ್ನೇ. ಅದು ಯಾವ ಸ್ಥಿತಿಯಲ್ಲಿ ಹೋಗಬೇಕು ಎಂಬುದೇ ನಮ್ಮ ಇಂದಿನ ವಿಷಯ.

ನಮಗೆ ಈ ವಿಷಯ ಮನಸ್ಸಿಗೆ ತಟ್ಟಿದ್ದು ಒಂದು ರಾತ್ರಿ ಎರಡು ಗಂಟೆಗೆ. 2018ರ ಆರಂಭ. ನಮ್ಮ ಮಹಡಿಯಲ್ಲೇ ಇದ್ದ ಗೆಳೆಯರೊಬ್ಬರು, ವಯಸ್ಸು ನಲವತ್ತನಾಲ್ಕು, ಕರಾವಳಿಯ ಕಡೆಯವರು. ಎದೆ ಹಿಂಡಿದಂತಾಗುತ್ತಿದೆ ಎಂದು ಅವರ ಮನೆಯವರು ಬಾಗಿಲು ಬಡಿದರು. ರಾತ್ರಿ ಮದುವೆಯ ವಾರ್ಷಿಕೋತ್ಸವದ ಊಟ ಹೊಟ್ಟೆತುಂಬ ಆಗಿತ್ತು, ಗ್ಯಾಸ್ ಇರಬೇಕು ಎಂದು ಅರ್ಧ ಗಂಟೆ ಸೋಡಾ ಕುಡಿಸುವುದರಲ್ಲೇ ಕಳೆಯಿತು. ಆಮೇಲೆ ಆಸ್ಪತ್ರೆ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕಿದರು, ಪುಣ್ಯಕ್ಕೆ ಉಳಿದರು. ಎದೆನೋವಿಗೆ ಸೋಡಾ ಮದ್ದಲ್ಲ, ತಡಮಾಡದೆ ಆಸ್ಪತ್ರೆಗೆ ಓಡಬೇಕು ಎಂಬ ಪಾಠ ಅಂದು ಕಲಿತೆವು.

ಆ ರಾತ್ರಿ ಆಸ್ಪತ್ರೆಯ ಹೊರಗೆ ಕುಳಿತು ಅವರ ಮನೆಯವರು ಅಳಲಿಲ್ಲ. ಲೆಕ್ಕ ಹಾಕುತ್ತಿದ್ದರು. ಅವರ ಮತ್ತು ಇಬ್ಬರು ಮಕ್ಕಳ ವೀಸಾ ನಿಂತಿದ್ದದ್ದು ಆ ಒಬ್ಬರ ಕೆಲಸದ ಮೇಲೆ. ಶಾಲೆಯ ಫೀಸು, ಮನೆ ಬಾಡಿಗೆಯ ಚೆಕ್ಕು, ಊರಿನ ಮನೆಸಾಲ ಎಲ್ಲವೂ ಆ ಒಂದು ಹೃದಯಕ್ಕೆ ಜೋತುಬಿದ್ದಿದ್ದವು. ಊರಿನಲ್ಲಾದರೆ ಅಣ್ಣ, ಭಾವ, ಮಾವ ಎಂದು ಹತ್ತು ಹೆಗಲು ಇರುತ್ತವೆ. ಇಲ್ಲಿ ಒಂದೇ ಹೆಗಲು. ಬಹುಕಾಲ ಇಲ್ಲಿರುವವರಿಗೆ, ಸೀಟಿನಲ್ಲಿ ಕುಳಿತು ಊರಿಗೆ ಮರಳಲಾಗದೆ ಪೆಟ್ಟಿಗೆಯಲ್ಲಿ ಮರಳಿದವರ ನೆನಪೂ ಇರುತ್ತದೆ. ಹೆಚ್ಚು ಹೇಳಬೇಕಾಗಿಲ್ಲ.

ಮಾರನೆಯ ವಾರವೇ ಹದಿನಾಲ್ಕು ಜನ ಸೇರಿದೆವು. ಎಲ್ಲರಿಗೂ ಹೊಸ ಬೂಟು. ಬೆಳಿಗ್ಗೆ ಐದೂವರೆಗೆ ಕಟ್ಟಡದ ಬಾಗಿಲಲ್ಲಿ ಹಾಜರು. ಜನವರಿಯ ಚಳಿ, ಉತ್ಸಾಹವೋ ಉತ್ಸಾಹ. ಫೆಬ್ರವರಿಯಲ್ಲಿ ಒಂಬತ್ತು ಜನ. ಏಪ್ರಿಲ್‌ನಲ್ಲಿ ನಾಲ್ಕು. ಮೇ ತಿಂಗಳ ಸೆಕೆ ಬಂದಾಗ ಬಾಗಿಲ ಬಳಿ ನಿಂತಿದ್ದವರು ಕಾವಲುಗಾರರೊಬ್ಬರೇ!

ಎರಡನೆಯ ಸಾರಿ 2019ರಲ್ಲಿ. ನಿಮಗೆ ಗೊತ್ತಿರುವಂತೆ 2017ರಲ್ಲಿ ದುಬೈನ ಯುವರಾಜರಾದ ಶೇಖ್ ಹಮ್ದಾನ್ ಅವರು ದುಬೈ ಫಿಟ್‌ನೆಸ್ ಚಾಲೆಂಜ್ ಆರಂಭಿಸಿದರು. ಮೂವತ್ತು ದಿನ, ದಿನಕ್ಕೆ ಮೂವತ್ತು ನಿಮಿಷ. 2019ರಲ್ಲಿ ಶೇಖ್ ಜಾಯೆದ್ ರಸ್ತೆಯನ್ನೇ ವಾಹನಗಳಿಗೆ ಮುಚ್ಚಿ ಜನರಿಗೆ ಓಡಲು ಬಿಟ್ಟರು. ನಾವೂ ಹೋದೆವು. ದಿನನಿತ್ಯ ನೂರು ಕಿಲೋಮೀಟರ್ ವೇಗದಲ್ಲಿ ದಾಟುವ ಆ ರಸ್ತೆಯ ಮೇಲೆ ಕಾಲಿಟ್ಟು ನಡೆದಾಗ ಆದ ಸಂತೋಷ ಹೇಳತೀರದು. ಮೂವತ್ತು ದಿನವೂ ತಪ್ಪಿಸಲಿಲ್ಲ. ಪದಕ ಪಡೆದವರಂತೆ ಬೀಗಿದೆವು. ಮೂವತ್ತೊಂದನೆಯ ದಿನ ಬೆಳಿಗ್ಗೆ ಒಬ್ಬರೂ ಏಳಲಿಲ್ಲ.

ಮೂರನೆಯದು 2020ರಲ್ಲಿ. ಏಪ್ರಿಲ್‌ನಲ್ಲಿ ದುಬೈನಲ್ಲಿ ಅನುಮತಿಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಎಲ್ಲರೂ ಸೇರಿ ಮನೆಯಲ್ಲೇ ಸೂರ್ಯನಮಸ್ಕಾರ ಮಾಡಿದೆವು. ಬಾಗಿಲು ತೆರೆದ ದಿನ ಅದೂ ನಿಂತಿತು. ನಮ್ಮ ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದವೊಂದಿದೆ: ಆರಂಭಶೂರತ್ವ.

ಬಂಧುಗಳೇ, ಸೋತವರು ಯೋಚಿಸುತ್ತಾರೆ. ನಾವೂ ಕುಳಿತು ಯೋಚಿಸಿದೆವು. ನಮಗೇಕೆ ಹೀಗಾಗುತ್ತದೆ? ಭಯ ಇತ್ತು, ಕಣ್ಣಾರೆ ಕಂಡಿದ್ದೆವು. ತಿಳುವಳಿಕೆ ಇತ್ತು, ನಮ್ಮಲ್ಲಿ ಇಂಜಿನಿಯರುಗಳಿದ್ದಾರೆ, ಲೆಕ್ಕಪತ್ರದವರಿದ್ದಾರೆ. ಉತ್ಸಾಹವಂತೂ ಧಾರಾಳವಾಗಿತ್ತು. ಹಾಗಾದರೆ ಕೊರತೆ ಯಾವುದರದು? ಬಹುಮಾನದ್ದೇ?

ಆಗ ನೆನಪಾದದ್ದು ಚಿನ್ನದ ಕಥೆ. 2013ರ ರಂಜಾನ್ ತಿಂಗಳಲ್ಲಿ ದುಬೈ ನಗರಪಾಲಿಕೆ ಒಂದು ಸ್ಪರ್ಧೆ ನಡೆಸಿತು. ಮೂವತ್ತು ದಿನದಲ್ಲಿ ತೂಕ ಇಳಿಸಿದವರಿಗೆ ಇಳಿಸಿದ ಕಿಲೋ ಒಂದಕ್ಕೆ ಒಂದು ಗ್ರಾಂ ಚಿನ್ನ. ಕನಿಷ್ಠ ಎರಡು ಕಿಲೋ ಇಳಿಸಬೇಕು. ಅಕ್ಷಯ ತೃತೀಯಕ್ಕೆ ಸಾಲಿನಲ್ಲಿ ನಿಲ್ಲುವ ನಮ್ಮವರಿಗೆ ಇದಕ್ಕಿಂತ ಆಸೆ ಬೇಕೇ? ಸಾವಿರಾರು ಜನ ಹೆಸರು ಕೊಟ್ಟರು, ಅನೇಕರು ಚಿನ್ನ ಪಡೆದರು. ಒಳ್ಳೆಯದೇ ಆಯಿತು, ಊರಿಗೆ ಊರೇ ತೂಕದ ಬಗ್ಗೆ ಮಾತಾಡಿತು. ಆದರೆ ನಮ್ಮ ಪ್ರಶ್ನೆ ಅದೇ. ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟ ಮಾರನೆಯ ದಿನ ಏನು? ಚಿನ್ನ ಬೀರುವಿನಲ್ಲಿ ಭದ್ರವಾಗಿರುತ್ತದೆ. ಇಳಿದ ತೂಕಕ್ಕೆ ಬೀರು ಇಲ್ಲ.

ನಾವು ತಪ್ಪು ತಿಳಿದಿದ್ದೆವು. ಉತ್ಸಾಹ ಬಂದರೆ ವ್ಯಾಯಾಮ ಮಾಡಬಹುದು, ಆದ್ದರಿಂದ ಉತ್ಸಾಹ ಬರುವ ದಾರಿ ಹುಡುಕಬೇಕು ಎಂದುಕೊಂಡಿದ್ದೆವು. ಉತ್ಸಾಹವೆಂಬುದು ನೆಂಟರಂತೆ. ಬಂದಾಗ ಸಂತೋಷ, ಆದರೆ ಅವರೇ ಮನೆ ನಡೆಸುತ್ತಾರೆ ಎಂದು ನಂಬಿ ಕೂರಲಾಗದು. ಮನೆ ನಡೆಸುವುದು ರೂಢಿ. ಬೆಳಿಗ್ಗೆ ಹಲ್ಲುಜ್ಜಲು ಯಾರಿಗಾದರೂ ಉತ್ಸಾಹ ಬೇಕೇ? ದೇವರಿಗೆ ದೀಪ ಹಚ್ಚಲು ಬಹುಮಾನ ಬೇಕೇ? ಆ ಹೊತ್ತಿಗೆ ಕೈ ತಾನಾಗಿ ಹೋಗುತ್ತದೆ. ನಡಿಗೆಯೂ ಆ ಮಟ್ಟಕ್ಕೆ ಇಳಿಯಬೇಕು. ಏರಬೇಕು ಎನ್ನುತ್ತಿಲ್ಲ, ಇಳಿಯಬೇಕು ಎನ್ನುತ್ತಿದ್ದೇವೆ. ಅದು ಸಾಧನೆಯಾಗಿರುವವರೆಗೆ ನಿಲ್ಲುವುದಿಲ್ಲ. ಹಲ್ಲುಜ್ಜುವಷ್ಟು ಸಾಮಾನ್ಯವಾದಾಗ ನಿಲ್ಲುತ್ತದೆ.

ರೂಢಿ ಎಷ್ಟು ದಿನಕ್ಕೆ ಆಗುತ್ತದೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಊಟದ ಜೊತೆ ಒಂದು ಹಣ್ಣು, ತಿಂಡಿಯ ನಂತರ ಸ್ವಲ್ಪ ನಡಿಗೆ, ಇಂತಹ ಸಣ್ಣ ಕೆಲಸಗಳನ್ನು ದಿನದ ಒಂದು ನಿಶ್ಚಿತ ಹೊತ್ತಿಗೆ ಜೋಡಿಸಿಕೊಳ್ಳಲು ಹೇಳಿದರು. ಅದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಆದರೆ ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನದ ಲೆಕ್ಕ ಬಂತು. ಅಂದರೆ ಮೂವತ್ತು ದಿನ ಅರ್ಧ ದಾರಿ ಮಾತ್ರ! ನಾವು ಅರ್ಧ ದಾರಿಯಲ್ಲಿ ಗೆದ್ದೆವೆಂದು ಕೂತಿದ್ದೆವು. ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಇನ್ನೂ ಹಿತವಾಯಿತು. ನಡುವೆ ಒಂದು ದಿನ ತಪ್ಪಿದರೆ ಅಂತಹ ನಷ್ಟವೇನೂ ಆಗಲಿಲ್ಲವಂತೆ.

ನಮ್ಮಲ್ಲಿ ಒಂದು ದಿನ ತಪ್ಪಿದರೆ ವ್ರತಭಂಗವಾದಂತೆ. ಅಯ್ಯೋ ತಪ್ಪಿತಲ್ಲ, ಇನ್ನು ಯುಗಾದಿಯಿಂದ ಹೊಸದಾಗಿ ಶುರುಮಾಡೋಣ! ಯುಗಾದಿ ತಪ್ಪಿದರೆ ವಿಜಯದಶಮಿ ಇದೆ. ಹೀಗೆ ಪಂಚಾಂಗವನ್ನೇ ನುಂಗಿದ್ದೇವೆ. ಆದ್ದರಿಂದ ನಮ್ಮ ನಾಲ್ಕನೆಯ ಪ್ರಯತ್ನಕ್ಕೆ ಮೊದಲ ನಿಯಮ ಹೀಗೆ ಮಾಡಿಕೊಂಡೆವು: ಒಂದು ದಿನ ತಪ್ಪಬಹುದು, ಎರಡು ದಿನ ಸೇರಿಸಿ ತಪ್ಪಬಾರದು. ಮದುವೆ, ಜ್ವರ, ಕಚೇರಿಯ ಆಡಿಟ್, ಏನೇ ಇರಲಿ, ಮೊದಲನೆಯ ದಿನಕ್ಕೆ ಕ್ಷಮೆ ಉಂಟು. ಜ್ವರ ಇಳಿಯದಿದ್ದರೆ ಮಾತ್ರ ಎರಡನೆಯ ದಿನಕ್ಕೂ!

ಎರಡನೆಯ ನಿಯಮ: ಕನಿಷ್ಠವನ್ನು ನಾಚಿಕೆಯಾಗುವಷ್ಟು ಚಿಕ್ಕದಾಗಿ ಇಡುವುದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಅದು ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದಿತ್ತು. ಅಲ್ಲಿಂದ ಹಬ್ಬಿದ್ದು. ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಕಂಡಿತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ, ಜೊತೆಗೆ ವಾರಕ್ಕೆರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು ಎಂದೂ ಹೇಳಿದೆ. ನಮ್ಮ ಕನಿಷ್ಠ ಇಷ್ಟೇ: ಬೂಟು ಹಾಕಿಕೊಂಡು ಕಟ್ಟಡದ ಸುತ್ತ ಒಂದು ಸುತ್ತು. ಬೇಡವೆನಿಸಿದರೆ ವಾಪಸು ಬನ್ನಿ, ಯಾರೂ ಕೇಳುವುದಿಲ್ಲ. ಬೂಟು ಹಾಕಿಕೊಂಡವರು ಒಂದೇ ಸುತ್ತಿಗೆ ವಾಪಸು ಬಂದದ್ದನ್ನು ನಾವು ಕಂಡದ್ದು ಅಪರೂಪ.

ಮೂರನೆಯ ನಿಯಮವನ್ನು ಮಾಡಿದವರು ನಾವು ಗಂಡಸರಲ್ಲ. ಇದನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕು. ಮೊದಲ ಹದಿನಾಲ್ಕು ಜನರಲ್ಲಿ ಹೆಂಗಸರು ಇಬ್ಬರೇ ಇದ್ದರು, ಅವರೂ ಎರಡು ವಾರಕ್ಕೆ ನಿಂತರು. ಹೆಂಗಸರಿಗೆ ಆಸಕ್ತಿಯಿಲ್ಲ ಎಂದು ನಾವು ತೀರ್ಮಾನಿಸಿದ್ದೆವು. 2021ರ ಕೊನೆಯಲ್ಲಿ ಮತ್ತೆ ಯೋಜನೆ ಹಾಕಲು ಕುಳಿತಾಗ ನಮ್ಮಲ್ಲೊಬ್ಬರ ಮನೆಯವರು ಒಳಗಿನಿಂದಲೇ ಕೇಳಿದರು: "ಏನ್ರೀ, ಬೆಳಿಗ್ಗೆ ಐದೂವರೆಗೆ ಎಲ್ಲರೂ ಬನ್ನಿ ಅಂತೀರಲ್ಲ, ಆ ಹೊತ್ತಿನಲ್ಲಿ ಆರು ಡಬ್ಬಿ ಯಾರು ಕಟ್ತಾರೆ? ಆರೂವರೆಗೆ ಸ್ಕೂಲ್ ಬಸ್ಸು ಬರತ್ತೆ, ನಿಮಗೆ ಗೊತ್ತಿದೆಯಾ?" ಯಾರೂ ಮಾತಾಡಲಿಲ್ಲ. ಮೂರು ವರ್ಷ ನಮ್ಮ ಯೋಜನೆಯನ್ನು ನಾವು ನಮ್ಮ ಅನುಕೂಲಕ್ಕೆ ಮಾಡಿ, ಬಾರದವರನ್ನು ಸೋಮಾರಿಗಳೆಂದಿದ್ದೆವು.

ಅಂದಿನಿಂದ ಏರ್ಪಾಡು ಬದಲಾಯಿತು. ರಾತ್ರಿಯ ಊಟ ಏಳೂವರೆಗೆ, ಎಂಟೂಕಾಲಿಗೆ ಸಂಸಾರಸಮೇತ ನಡಿಗೆ. ವಾರದಲ್ಲಿ ಎರಡು ಬೆಳಿಗ್ಗೆ ಮಾತ್ರ ಬೇಗ ಏಳುವವರ ನಡಿಗೆ, ಅದರಲ್ಲೊಂದು ಹೆಂಗಸರದು. ಆ ದಿನ ಡಬ್ಬಿ ಕಟ್ಟುವ ಸರದಿ ಗಂಡಸರದು. ಮೊದಲ ವಾರ ಮಕ್ಕಳು ಶಾಲೆಯಲ್ಲಿ ಬ್ರೆಡ್ಡು ಜ್ಯಾಮ್ ತಿಂದರು. ಈಗ ನಮ್ಮಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಲು ಬಾರದವರು ಇಲ್ಲ! ಹಾಗಾಗಿ ಮೂರನೆಯ ನಿಯಮ: ಯಾರಿಗಾಗಿ ಹೊತ್ತು ಗೊತ್ತುಮಾಡುತ್ತೀರೋ ಅವರನ್ನು ಕೇಳಿ ಗೊತ್ತುಮಾಡಿ. ಸಂಗಾತಿಯಿದ್ದರೆ ಕಾಲು ತಾನಾಗಿ ನಡೆಯುತ್ತದೆ. ಕೆಳಗೆ ಒಬ್ಬರು ಕಾಯುತ್ತಿದ್ದಾರೆ ಎಂಬ ದಾಕ್ಷಿಣ್ಯ ಯಾವ ಉಪದೇಶಕ್ಕಿಂತಲೂ ಬಲವಾದದ್ದು. ನಮ್ಮವರಿಗೆ ದಾಕ್ಷಿಣ್ಯ ಜಾಸ್ತಿ. ಅದನ್ನು ಒಳ್ಳೆಯದಕ್ಕೆ ಬಳಸೋಣ.

ಬೇಸಿಗೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಈ ದೇಶದ ಕಾನೂನೇ ಇದೆ. ಆ ಬಿಸಿಲಿನ ಜೊತೆ ಹಠ ಬೇಡ. ನಾವು ಮಾಲ್‌ನೊಳಗೆ ಹೋಗುತ್ತೇವೆ. 2025ರ ಆಗಸ್ಟ್‌ನಲ್ಲಿ ದುಬೈನ ಹಲವು ಮಾಲ್‌ಗಳನ್ನು ಬೆಳಿಗ್ಗೆ ಏಳರಿಂದ ಹತ್ತರವರೆಗೆ ನಡೆಯುವವರಿಗಾಗಿಯೇ ತೆರೆದಿಟ್ಟಿದ್ದರು. ನಮ್ಮ ಪಕ್ಕದ ಇಬ್ನ್ ಬತೂತ ಮಾಲ್ 2005ರಲ್ಲಿ ತೆರೆದದ್ದು. ಆಂಡಲೂಸಿಯಾ, ಟ್ಯುನೀಸಿಯಾ, ಈಜಿಪ್ಟ್, ಪರ್ಷಿಯಾ, ಭಾರತ, ಚೀನಾ ಎಂದು ಆರು ದೇಶಗಳ ಅಂಗಳ ಒಂದರ ಹಿಂದೊಂದು. ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಒಳ್ಳೆಯ ನಡಿಗೆಯಾಯಿತು. ಒಂದೇ ಎಚ್ಚರಿಕೆ, ಪರ್ಸನ್ನು ಮನೆಯಲ್ಲಿ ಬಿಟ್ಟು ಹೋಗಬೇಕು.

ಆ ಮಾಲ್‌ಗೆ ಹೆಸರು ಕೊಟ್ಟ ಪ್ರವಾಸಿ ನಮಗೆ ಪರಕೀಯನಲ್ಲ. 1325ರಲ್ಲಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮೊರಾಕೋದ ಟ್ಯಾಂಜಿಯರ್ ಪಟ್ಟಣದಿಂದ ಹೊರಟ ಇಬ್ನ್ ಬತೂತ, ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನೂ ಕಂಡವನು. ಹೊನ್ನಾವರದ ಸುಲ್ತಾನನ ಮನೆಯ ಊಟವನ್ನು ಅವನು ಬಣ್ಣಿಸಿದ್ದಾನೆ. ಅನ್ನ, ತುಪ್ಪ, ಉಪ್ಪಿನಕಾಯಿ, ಬಗೆಬಗೆಯ ಮೇಲೋಗರ, ಕೊನೆಗೆ ಮೊಸರು. ಸುಮಾರು ಏಳು ನೂರು ವರ್ಷ ಕಳೆದರೂ ನಮ್ಮ ಎಲೆಯ ಕ್ರಮ ಬದಲಾಗಿಲ್ಲ ನೋಡಿ! ಬದಲಾದದ್ದು ಉಣ್ಣುವವನ ಕೆಲಸ. ಗದ್ದೆ ಉಳುವವನು, ದೋಣಿ ಎಳೆಯುವವನು ತಿನ್ನುತ್ತಿದ್ದ ಅನ್ನವನ್ನು ಕೀಬೋರ್ಡ್ ಒತ್ತುವವನು ತಿನ್ನುತ್ತಿದ್ದಾನೆ.

ಊಟದ ಮಾತಿಗೆ ಬಂದೆವು. ನಾವು ಯಾವುದನ್ನೂ ನಿಷೇಧಿಸಿಲ್ಲ. ನಿಷೇಧಿಸಿದ್ದು ಕನಸಿನಲ್ಲಿ ಬರುತ್ತದೆ. ಮೂರು ಸಣ್ಣ ಬದಲಾವಣೆ ಮಾಡಿಕೊಂಡೆವು. ಮೊದಲನೆಯದು ಕ್ರಮ. ಎಲೆಯಲ್ಲಿ ಮೊದಲು ಬಡಿಸುವ ಕೋಸಂಬರಿ, ಪಲ್ಯಗಳನ್ನು ನಮ್ಮ ಹಿರಿಯರು ಅಲಂಕಾರಕ್ಕೆ ಇಟ್ಟದ್ದಲ್ಲ. ಅದನ್ನು ಒಂದು ಚಮಚದ ಬದಲು ಒಂದು ಬಟ್ಟಲು ಹಾಕಿಕೊಂಡು ಮೊದಲು ತಿಂದು ಮುಗಿಸಿದರೆ, ಅನ್ನ ತಾನಾಗಿ ಕಡಿಮೆಯಾಗುತ್ತದೆ. ಹೆಸರುಬೇಳೆ, ಸೌತೆಕಾಯಿ, ಹುರುಳಿ, ಸೊಪ್ಪು, ರಾಗಿಹಿಟ್ಟು ಎಲ್ಲವೂ ಕರಾಮಾ, ಬರ್ ದುಬೈ ಅಂಗಡಿಗಳಲ್ಲಿ ಸಿಗುತ್ತವೆ. ಎರಡನೆಯದು ಹೊತ್ತು. ಹಿಂದೆ ಗುರುವಾರ ರಾತ್ರಿ, 2022ರಲ್ಲಿ ವಾರದ ರಜೆ ಬದಲಾದಂದಿನಿಂದ ಶುಕ್ರವಾರ ರಾತ್ರಿ, ಹತ್ತೂವರೆಗೆ ಬಿರಿಯಾನಿ ತಿಂದು ಹಾಗೆಯೇ ಮಲಗುವುದು ನಮ್ಮ ಸಂಪ್ರದಾಯವಾಗಿತ್ತು. ಬಿರಿಯಾನಿಯನ್ನು ಬಿಟ್ಟಿಲ್ಲ, ಮಧ್ಯಾಹ್ನಕ್ಕೆ ವರ್ಗಾಯಿಸಿದ್ದೇವೆ.

ಮೂರನೆಯದು ಕುಡಿಯುವ ಸಕ್ಕರೆ. ಈ ದೇಶದಲ್ಲಿ 2017ರಿಂದ ತಂಪು ಪಾನೀಯಗಳ ಮೇಲೆ ವಿಶೇಷ ತೆರಿಗೆ ಇದೆ. ಆದರೆ ನಮ್ಮ ಶತ್ರು ತಂಪು ಪಾನೀಯವಾಗಿರಲಿಲ್ಲ, ಕೆಫೆಟೇರಿಯಾದ ಕರಕ್ ಚಹಾ ಆಗಿತ್ತು. ಬೇರೆಯದಾಗಿ ಸೇರಿಸುವ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಟೀಚಮಚದ ಒಳಗೆ ಇಟ್ಟರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ನಾಲ್ಕು ಲೋಟ ಕರಕ್ ಕುಡಿಯುವವರ ಆರು ಚಮಚ ಮಧ್ಯಾಹ್ನಕ್ಕೆ ಮುಂಚೆಯೇ ಮುಗಿದಿರುತ್ತದೆ. ನಾಲ್ಕನ್ನು ಎರಡು ಮಾಡಿದೆವು, ಸಿಹಿ ಅರ್ಧ ಎಂದು ಹೇಳಲು ಕಲಿತೆವು.

ಇಷ್ಟರಿಂದ ಏನಾದೀತು ಎನ್ನಬೇಡಿ. ಚೆನ್ನೈಯಲ್ಲಿ ಡಾಕ್ಟರ್ ಎ. ರಾಮಚಂದ್ರನ್ ಅವರ ತಂಡ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದ 531 ಜನರನ್ನು ತೆಗೆದುಕೊಂಡು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನಡಿಗೆ ಮತ್ತು ಊಟದ ಬದಲಾವಣೆ ಮಾಡಿಕೊಂಡ ಗುಂಪಿನಲ್ಲಿ, ಏನೂ ಮಾಡದವರಿಗೆ ಹೋಲಿಸಿದರೆ, ಕಾಯಿಲೆ ಬರುವ ಸಂಭವ ಶೇಕಡಾ 28.5ರಷ್ಟು ತಗ್ಗಿತು. ಇವರು ನಮ್ಮಂತೆಯೇ ಅನ್ನ ಇಡ್ಲಿ ತಿನ್ನುವ ಜನ, ವಿದೇಶದ ಓಟಗಾರರಲ್ಲ. ನಮ್ಮ ಜನಕ್ಕೆ ಹೊಟ್ಟೆಯ ಸುತ್ತಲೇ ಕೊಬ್ಬು ಸೇರುವ ಸ್ವಭಾವ. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆಯ ಗಂಟೆ ಎನ್ನುತ್ತಾರೆ ಭಾರತೀಯ ತಜ್ಞರು. ಇಂದು ರಾತ್ರಿ ಮನೆಗೆ ಹೋಗಿ ಅಳತೆಯ ಟೇಪು ಹುಡುಕಿ. ಊಟದ ಮೊದಲು ಅಳೆಯಲಿಲ್ಲವಲ್ಲ ಎಂದು ನಮ್ಮನ್ನು ಬೈಯಬೇಡಿ! ಔಷಧ ತೆಗೆದುಕೊಳ್ಳುತ್ತಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೊಸದನ್ನು ಆರಂಭಿಸಬೇಕು, ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಇಲ್ಲಿ ಒಂದು ಮಾತನ್ನು ಸಂಕೋಚದಿಂದ ಹೇಳಬೇಕು. ಈ ಸಭೆಯಲ್ಲಿ ಸಂಸಾರಸ್ಥರಷ್ಟೇ ಇಲ್ಲ. ಒಂದು ಕೋಣೆಯಲ್ಲಿ ಆರು ಜನ ಹಂಚಿಕೊಂಡು ಇರುವ ತಮ್ಮಂದಿರೂ ಇದ್ದಾರೆ. ಸೈಟಿನಲ್ಲಿ ಹತ್ತು ಗಂಟೆ ನಿಂತು ದುಡಿಯುವವರಿಗೆ ನಡೆಯಿರಿ ಎನ್ನುವುದು ಅಪಹಾಸ್ಯವಾದೀತು. ಅವರಿಗೆ ಬೇಕಾದದ್ದು ನಿದ್ದೆ, ನೀರು, ಮೆಸ್ಸಿನ ಪರೋಟಾದ ಜೊತೆಗೆ ಒಂದು ಹಿಡಿ ಕಾಳು, ಒಂದು ಬಾಳೆಹಣ್ಣು, ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ. ಸಂಘದಲ್ಲಿ ವೈದ್ಯರು ಬಹಳ ಜನ ಇದ್ದಾರೆ. ವರ್ಷಕ್ಕೊಂದು ಶುಕ್ರವಾರ ಅಥವಾ ಭಾನುವಾರ ಇವರಿಗಾಗಿ ಮೀಸಲಿಡಲಿ ಎಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇವೆ.

ವಯಸ್ಸಾಯಿತು, ಇನ್ನೇನು ರೂಢಿ ಎನ್ನುವವರಿಗೆ ನಮ್ಮ ನಾಡಿನ ಇಬ್ಬರನ್ನು ನೆನಪಿಸುತ್ತೇವೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಕ್ಷಯಗಳಿಂದ ಬಳಲಿ ಬಡಕಲಾಗಿದ್ದವರು. 1934ರಲ್ಲಿ ಮೈಸೂರಿಗೆ ಅಕ್ಕನ ಗಂಡ ಟಿ. ಕೃಷ್ಣಮಾಚಾರ್ಯರ ಮನೆಗೆ ಬಂದು ಯೋಗ ಕಲಿಯತೊಡಗಿದರು. ಮುಂದೆ ಲೋಕಕ್ಕೇ ಗುರುವಾದರು. 2014ರಲ್ಲಿ ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡ ಅವರು ತೊಂಬತ್ತು ದಾಟಿದ ಮೇಲೂ ಅಭ್ಯಾಸ ಬಿಟ್ಟಿರಲಿಲ್ಲ. ಇನ್ನು ನಮ್ಮ ಡಾ. ರಾಜ್‌ಕುಮಾರ್. 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಅವರು ಹಾಕಿದ ಕಷ್ಟದ ಆಸನಗಳನ್ನು ನೋಡಿದವರಿಗೆ ನೆನಪಿದ್ದೀತು. ಆಗ ಅವರಿಗೆ ಐವತ್ತು ದಾಟಿತ್ತು. ಇಬ್ಬರಲ್ಲೂ ನಮಗೆ ಕಾಣುವುದು ಒಂದೇ ದಿನದ ಛಲವಲ್ಲ, ದಿನದಿನದ ಪಾಠ.

ಕೊನೆಯದಾಗಿ ಆ ನಮ್ಮ ಗೆಳೆಯರ ಮಾತು. ಅವರು 2023ರಲ್ಲಿ ಕೆಲಸ ಮುಗಿಸಿ ಊರಿಗೆ ಮರಳಿದರು. ನಾವೆಲ್ಲ ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ಪೆಟ್ಟಿಗೆಯ ತೂಕ ಎರಡು ಕಿಲೋ ಹೆಚ್ಚಾಗಿತ್ತು, ತೆಗೆದು ಹಾಕಿ ಮಾಡುವಾಗ ಅವರು ನಗುತ್ತಾ, "ಪೆಟ್ಟಿಗೆ ಹೆಚ್ಚಾದರೂ ಚಿಂತೆಯಿಲ್ಲ ಮಾರಾಯ್ರೆ, ನಾನು ಹನ್ನೊಂದು ಕಿಲೋ ಕಡಿಮೆ ಇದ್ದೇನಲ್ಲ" ಎಂದರು. ಈಗ ಅವರು ಬೆಳಿಗ್ಗೆ ದೇವಸ್ಥಾನದ ಕೆರೆಯ ಸುತ್ತ ನಡೆಯುತ್ತಾರೆ. ನಡೆದು ಬಂದು ನಮ್ಮ ಗುಂಪಿಗೆ ಫೋನಿನಲ್ಲಿ ಒಂದೇ ಪದ ಕಳಿಸುತ್ತಾರೆ: "ಆಯ್ತು." ನಾವಿನ್ನೂ ಇಲ್ಲಿ ಹಾಸಿಗೆಯಲ್ಲಿರುತ್ತೇವೆ. ಆ ಒಂದು ಪದಕ್ಕೆ ನಾಚಿ ಎದ್ದ ದಿನಗಳು ಬಹಳ ಇವೆ. ಈಗ ನಾವು ಹನ್ನೊಂದು ಸಂಸಾರ. ಕೆಲವು ತಿಂಗಳು ಚೆನ್ನಾಗಿರುತ್ತೇವೆ, ಕೆಲವು ತಿಂಗಳು ಕುಂಟುತ್ತೇವೆ. ಆದರೆ ನಿಂತಿಲ್ಲ.

ಸಂಘಕ್ಕೆ ನಮ್ಮ ಪ್ರಾರ್ಥನೆ ಮೂರೇ. ಇನ್ನು ಮುಂದೆ ನಮ್ಮ ಸಮಾರಂಭಗಳಲ್ಲಿ ಊಟ ಎಂಟಕ್ಕೆ ಆರಂಭವಾಗಲಿ, ಭಾಷಣಗಳು ಕಡಿಮೆಯಾಗಲಿ, ನಮ್ಮದನ್ನೂ ಸೇರಿಸಿ. ಬಣ್ಣದ ಪಾನೀಯದ ಜಾಗದಲ್ಲಿ ಮಜ್ಜಿಗೆ ಬರಲಿ. ಊಟದ ಸಾಲಿನ ಮೊದಲ ಪಾತ್ರೆ ಕೋಸಂಬರಿಯದಾಗಿರಲಿ, ಅದೂ ದೊಡ್ಡ ಪಾತ್ರೆ. ನಿಮ್ಮಲ್ಲಿ ಪ್ರಾರ್ಥನೆ ಒಂದೇ. ಈಗ ಊಟದ ಸಾಲಿನಲ್ಲಿ ನಿಲ್ಲುವಾಗ ನಿಮ್ಮ ಮುಂದೆ ಹಿಂದೆ ಇರುವವರನ್ನು ನೀವು ಯಾವ ಬಡಾವಣೆಯವರು ಎಂದು ಕೇಳಿ. ನಿಮ್ಮ ಹತ್ತಿರದವರೇ ಆಗಿದ್ದರೆ ನಾಳೆ ಯಾವ ಹೊತ್ತಿಗೆ ಕೆಳಗೆ ಸಿಗುತ್ತೀರಿ ಎಂಬುದನ್ನು ಹೋಳಿಗೆ ಮುಗಿಯುವುದರೊಳಗೆ ಗೊತ್ತುಮಾಡಿಕೊಳ್ಳಿ. ಮೊದಲ ದಿನ ಎಲ್ಲರೂ ಬರುತ್ತಾರೆ, ಅದು ದೊಡ್ಡದಲ್ಲ. ಮೂವತ್ತೊಂದನೆಯ ದಿನ ಬನ್ನಿ, ಅಲ್ಲಿ ನಾವು ಸಿಗುತ್ತೇವೆ.

ಹೋಳಿಗೆ ಒಂದು ತಿನ್ನಿ, ತುಪ್ಪ ಹಾಕಿಕೊಂಡೇ ತಿನ್ನಿ. ಎರಡನೆಯದು ಬೇಕೆನಿಸಿದರೆ ನಮ್ಮ ಕಡೆ ಒಮ್ಮೆ ನೋಡಿ. ನಾವೂ ಎರಡನೆಯದರ ಯೋಚನೆಯಲ್ಲೇ ಇರುತ್ತೇವೆ. ಇಬ್ಬರೂ ಸೇರಿ ಅರ್ಧರ್ಧ ಮಾಡಿಕೊಳ್ಳೋಣ.

ಸಿರಿಗನ್ನಡಂ ಗೆಲ್ಗೆ.